ತಪ್ಪು ತಂಬಾಕಿನದೋ, ಹದದ್ದೋ? ‘ನ್ಯಾಚುರಲ್’ ಪೈಪ್ ಮಿಶ್ರಣವನ್ನು ಒರೆಗೆ ಹಚ್ಚುವ ಬಗೆ

ಪ್ರಶ್ನೆ: ಎಂಟು ತಿಂಗಳಿಂದ ಪೈಪ್ ಸೇದುತ್ತಿದ್ದೇನೆ. ಇಷ್ಟು ದಿನ ವೆನಿಲ್ಲಾ, ಚೆರ್ರಿ ಪರಿಮಳದ ತಂಬಾಕನ್ನೇ ಸೇದಿದ್ದು. ಈಗ ಮೊದಲ ಸಲ ‘ನ್ಯಾಚುರಲ್’ ಎಂದು ಬರೆದಿದ್ದ 50 ಗ್ರಾಂ ಡಬ್ಬಿಯೊಂದನ್ನು ತೆರೆದೆ. ವರ್ಜೀನಿಯಾ, ಓರಿಯೆಂಟಲ್, ಸ್ವಲ್ಪ ಲಟಾಕಿಯಾ, ಇನ್ನೂ ಸ್ವಲ್ಪ ಪೆರಿಕ್ ಎಂಬ ಬಗೆಯ ತಂಬಾಕಿನ ಎಲೆಗಳಿವೆಯಂತೆ. ಮುಚ್ಚಳ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂತು, ಎಲೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು. ಸೇದಿದರೆ ಮೊದಲ ಐದು ನಿಮಿಷ ಪರವಾಗಿಲ್ಲ. ಆಮೇಲೆ ನಾಲಿಗೆ ಉರಿ, ಕೊಳವೆಯೊಳಗೆ ಗುಳುಗುಳು ಸದ್ದು, ಕೊನೆಗೆ ಬರೀ ಕಹಿ. ಒಣಹುಲ್ಲು, ಅಂಜೂರ, ಚರ್ಮ ಎಂದೆಲ್ಲ ಬೇರೆಯವರು ವರ್ಣಿಸುವ ರುಚಿಗಳಲ್ಲಿ ಒಂದೂ ಸಿಗಲಿಲ್ಲ. ಮಿಶ್ರಣವೇ ಕಳಪೆಯೋ, ನನಗೇ ರುಚಿ ತಿಳಿಯುತ್ತಿಲ್ಲವೋ? ಇಂಥದ್ದನ್ನು ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ಆ ಮಿಶ್ರಣದ ರುಚಿಯನ್ನು ನೀವಿನ್ನೂ ನೋಡಿಯೇ ಇಲ್ಲ. ನೋಡಿದ್ದು ಹಬೆಯ ರುಚಿ. ಗುಳುಗುಳು ಸದ್ದು, ನಾಲಿಗೆ ಉರಿ, ಕೊನೆಯಲ್ಲಿ ಕಹಿ, ಈ ಮೂರೂ ಒಟ್ಟಿಗೆ ಬಂದರೆ ಬಹುಪಾಲು ಕಾರಣ ಎರಡೇ: ತಂಬಾಕು ಹಸಿಯಾಗಿದೆ, ಸೇದುವ ವೇಗ ಹೆಚ್ಚಾಗಿದೆ. ಪರಿಮಳ ಹಾಕಿದ ತಂಬಾಕಿನಲ್ಲಿ ಈ ಎರಡು ತಪ್ಪುಗಳೂ ಮುಚ್ಚಿಹೋಗುತ್ತವೆ, ಏಕೆಂದರೆ ಎಷ್ಟು ಕೆಟ್ಟದಾಗಿ ಸೇದಿದರೂ ವೆನಿಲ್ಲಾ ವೆನಿಲ್ಲಾದಂತೆಯೇ ಇರುತ್ತದೆ. ಎಲೆಯ ರುಚಿಯನ್ನೇ ನಂಬಿದ ಮಿಶ್ರಣಕ್ಕೆ ಅಂಥ ಹೊದಿಕೆಯಿಲ್ಲ. ಹಾಗಾಗಿ ಮೊದಲು ಹದ, ಆಮೇಲೆ ರುಚಿ, ಕೊನೆಗೆ ತೀರ್ಪು. ಈ ಕ್ರಮ ತಪ್ಪಿದರೆ ಒಳ್ಳೆಯ ತಂಬಾಕೂ ಕಳಪೆಯೆನಿಸುತ್ತದೆ.

ಮೊದಲು ಡಬ್ಬಿಯ ಮೇಲಿನ ಆ ಪದ. ‘ನ್ಯಾಚುರಲ್’ ಎಂಬುದಕ್ಕೆ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಲ್ಲ. ಪೈಪ್ ತಂಬಾಕಿಗೆ ಹೊರಗಿನ ವಸ್ತುಗಳು ಸೇರುವುದು ಎರಡು ಹಂತಗಳಲ್ಲಿ. ಎಲೆಯನ್ನು ಕತ್ತರಿಸುವ ಮೊದಲೇ ಸಕ್ಕರೆ, ಅತಿಮಧುರ, ಕೋಕೋದಂಥವನ್ನು ನೀರಿನಲ್ಲಿ ಕರಗಿಸಿ ಎಲೆಗೆ ಕುಡಿಸುವುದು ಕೇಸಿಂಗ್. ಕತ್ತರಿಸಿ ಒಣಗಿಸಿದ ಮೇಲೆ ಬೇಗ ಹಾರಿಹೋಗುವ ಪರಿಮಳಗಳನ್ನು ಸಿಂಪಡಿಸುವುದು ಟಾಪಿಂಗ್. ನ್ಯಾಚುರಲ್ ಎಂದು ಮಾರುವ ಬಹಳಷ್ಟು ಮಿಶ್ರಣಗಳಲ್ಲಿ ಟಾಪಿಂಗ್ ಇರುವುದಿಲ್ಲ, ಹಗುರವಾದ ಕೇಸಿಂಗ್ ಇರಬಹುದು, ಅದರಲ್ಲಿ ಮೋಸವೇನಿಲ್ಲ. ನಿಮಗೆ ಬೇಕಾದ ಪರೀಕ್ಷೆ ಬೆರಳಿನದು. ಚಿಟಿಕೆ ತಂಬಾಕನ್ನು ಬೆರಳುಗಳ ನಡುವೆ ಉಜ್ಜಿ. ಜಿಡ್ಡು ಜಿಡ್ಡಾಗಿ ಜಾರಿದರೆ, ಕಾಗದದ ಮೇಲೆ ಒಂದು ಹಗಲು ಹರಡಿಟ್ಟರೂ ಒಣಗದೆ ಮೆತ್ತಗೇ ಉಳಿದರೆ, ಅದರಲ್ಲಿ ತೇವ ಹಿಡಿದಿಡುವ ಪ್ರೊಪಿಲಿನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಧಾರಾಳವಾಗಿದೆ ಎಂದರ್ಥ. ಎಲೆಯಷ್ಟೇ ಇದ್ದರೆ ಗಂಟೆ ಎರಡು ಗಂಟೆಯಲ್ಲಿ ಬದಲಾವಣೆ ಕೈಗೇ ತಿಳಿಯುತ್ತದೆ.

ಈ ಪದದ ಬಗ್ಗೆ ಇನ್ನೊಂದು ಮಾತು, ಮುಚ್ಚುಮರೆಯಿಲ್ಲದೆ. ನ್ಯಾಚುರಲ್ ಎಂದರೆ ಕಡಿಮೆ ಹಾನಿಕರ ಎಂದಲ್ಲ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುವುದು ಎಲೆ ಮತ್ತು ಅದು ಉರಿದು ಬರುವ ಹೊಗೆ, ಅದಕ್ಕೆ ಹಾಕಿದ ಚೆರ್ರಿ ಪರಿಮಳವಲ್ಲ. ಪರಿಮಳ ತೆಗೆದ ಮಾತ್ರಕ್ಕೆ ಅದರಲ್ಲಿ ಏನೂ ಇಳಿಯುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಸಾಧ್ಯವಾದಷ್ಟನ್ನು ಮೂಗಿಗೆ ಬಿಟ್ಟು, ಸೇದುವುದನ್ನು ದಿನಕ್ಕೊಂದು ಬಟ್ಟಲಿಗೆ (ಪೈಪಿನ ತಲೆಯಲ್ಲಿ ಒಮ್ಮೆ ತುಂಬಿದಷ್ಟು ತಂಬಾಕಿಗೆ) ಮಿತಿಗೊಳಿಸಿರುವುದಕ್ಕೆ ರುಚಿಯ ಕಾರಣವೂ ಇದೆ, ಈ ಕಾರಣವೂ ಇದೆ.

ಹುಳಿ ವಾಸನೆಗೆ ಹೆದರಬೇಡಿ. ಮುಚ್ಚಿದ ಡಬ್ಬಿಯೊಳಗೆ ಸಕ್ಕರೆ ಹೆಚ್ಚಿರುವ ವರ್ಜೀನಿಯಾ ಎಲೆ ನಿಧಾನವಾಗಿ ಹುದುಗುತ್ತದೆ. ಆಗ ಹುಟ್ಟುವ ಅಸಿಟಿಕ್ ಆಮ್ಲವೇ ವಿನೆಗರ್‌ನ ವಾಸನೆ. ಬೂಷ್ಟು ಹಿಡಿಯದಿರಲೆಂದು ತಯಾರಕರೇ ಒಂದಿಷ್ಟು ವಿನೆಗರ್ ಹಾಕುವುದೂ ಉಂಟು. ಎರಡೂ ಬೇಗ ಹಾರಿಹೋಗುತ್ತವೆ. ತಂಬಾಕನ್ನು ಗಾಜಿನ ಜಾಡಿಗೆ ವರ್ಗಾಯಿಸಿ, ಎರಡು ಮೂರು ದಿನ ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆರೆದಿಡಿ. ಅಷ್ಟಾದ ಮೇಲೆ ಮೂಸಿದಾಗ ಸಿಗುವುದೇ ಮಿಶ್ರಣದ ನಿಜವಾದ ವಾಸನೆ. ಡಬ್ಬಿ ತೆರೆದ ಕ್ಷಣದ ವಾಸನೆ ನೋಡಿ ಬರೆದ ಟಿಪ್ಪಣಿಗೆ ಬೆಲೆಯಿಲ್ಲ.

ಬಿಳಿ ಚುಕ್ಕೆಗಳನ್ನು ಮಾತ್ರ ಸೇದುವ ಮೊದಲು ಭೂತಗನ್ನಡಿಯಲ್ಲಿ ನೋಡಲೇಬೇಕು. ಹರಳಿನಂತೆ ಮಿನುಗುತ್ತ, ಎಲೆಯ ಮೈಗೆ ಅಂಟಿಕೊಂಡು, ಪುಡಿಯಂತೆ ಚದುರಿದ್ದರೆ ಅದು ಎಲೆಯೊಳಗಿಂದ ಮೇಲೆ ಬಂದು ಹರಳುಗಟ್ಟಿದ ಅಂಶ. ಹಳತಾದ ವರ್ಜೀನಿಯಾದಲ್ಲಿ ಸಾಮಾನ್ಯ. ಹತ್ತಿಯಂತೆ ನವಿರು ಎಳೆಯೆದ್ದಿದ್ದರೆ, ಜೇಡರ ಬಲೆಯಂತೆ ಎರಡು ಚೂರುಗಳ ನಡುವೆ ಹಬ್ಬಿದ್ದರೆ, ಹಸಿರು ಅಥವಾ ಬೂದು ಛಾಯೆಯಿದ್ದರೆ ಅದು ಬೂಷ್ಟು. ವಾಸನೆಯೂ ಸಾಕ್ಷಿ ಹೇಳುತ್ತದೆ: ಹುಳಿ ವಾಸನೆ ಪರವಾಗಿಲ್ಲ, ಮುಗ್ಗಲು ವಾಸನೆ ಬಂದರೆ ಕೆಟ್ಟಿದೆ. ಬೂಷ್ಟು ಹಿಡಿದ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಣ್ಣಿಗೆ ಕಾಣದಷ್ಟು ಅದು ಒಳಗೆಲ್ಲ ಹರಡಿರುತ್ತದೆ. ಇಡೀ ಡಬ್ಬಿಯನ್ನು ಎಸೆಯಿರಿ.

ಈಗ ಹದ. ನಿಮ್ಮ ಸಮಸ್ಯೆಯ ಬೇರು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಡಬ್ಬಿಯ ತಂಬಾಕು ಸಾಮಾನ್ಯವಾಗಿ ಶೇ 17ರಿಂದ 22ರಷ್ಟು ತೇವದಲ್ಲಿ ಬರುತ್ತದೆ. ಸಾಗಣೆಯಲ್ಲಿ ಪುಡಿಯಾಗದಿರಲು, ಡಬ್ಬಿಯೊಳಗೆ ಮಾಗಲು ಅಷ್ಟು ತೇವ ಬೇಕು. ಸೇದುವುದಕ್ಕೆ ಅದು ಹೆಚ್ಚು. ರುಚಿ ನೋಡಲು ಶೇ 12ರಿಂದ 14 ಸರಿಯಾದ ಹದ. ಹಸಿ ತಂಬಾಕಿನಲ್ಲಿ ಕೆಂಡದ ಕಾವಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕೆಂಡ ಆರತೊಡಗುತ್ತದೆ, ಅದನ್ನು ಉಳಿಸಿಕೊಳ್ಳಲು ನೀವು ಬೇಗ ಬೇಗ ಎಳೆಯುತ್ತೀರಿ, ಎಳೆದಷ್ಟೂ ಬಿಸಿ ಹಬೆ ನಾಲಿಗೆಗೆ ಬಡಿಯುತ್ತದೆ. ಅದೇ ಹಬೆ ಕೊಳವೆಯಲ್ಲಿ ತಣ್ಣಗಾಗಿ ನೀರಾಗಿ ಗುಳುಗುಳು ಎನ್ನುತ್ತದೆ, ಆ ನೀರು ಮಡ್ಡಿಯನ್ನು ಕರಗಿಸಿಕೊಂಡು ಬಟ್ಟಲಿನ ತಳಕ್ಕೆ ಇಳಿದು ಕೊನೆಯ ಭಾಗವನ್ನು ಕಹಿ ಮಾಡುತ್ತದೆ. ನೀವು ಹೇಳಿದ ಮೂರು ಲಕ್ಷಣಗಳೂ ಈ ಒಂದೇ ಸರಪಳಿಯ ಕೊಂಡಿಗಳು.

ಅಂದಾಜಿನ ಬದಲು ತಕ್ಕಡಿ ಹಿಡಿಯಿರಿ, 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. 10 ಗ್ರಾಂ ತಂಬಾಕಿನಲ್ಲಿ ಶೇ 20 ತೇವವಿದ್ದರೆ ನೀರು 2 ಗ್ರಾಂ, ಒಣ ಎಲೆ 8 ಗ್ರಾಂ. ಶೇ 13ಕ್ಕೆ ಇಳಿಯಬೇಕಾದರೆ ಒಟ್ಟು ತೂಕ 8ನ್ನು 0.87ರಿಂದ ಭಾಗಿಸಿದಷ್ಟು, ಅಂದರೆ 9.2 ಗ್ರಾಂ ಆಗಬೇಕು. ಆರಂಭದ ತೇವ ಶೇ 18 ಇದ್ದರೆ ಸುಮಾರು 9.4 ಗ್ರಾಂ, ಶೇ 22 ಇದ್ದರೆ ಸುಮಾರು 9 ಗ್ರಾಂ. ಆರಂಭದ ತೇವವನ್ನು ತಿಳಿಯಲು 5 ಗ್ರಾಂ ಮಾದರಿಯನ್ನು 100 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೂ ಇಟ್ಟು ನೋಡಬಹುದು. ಇನ್ನೂ ಕೆಲವು ಅಂಶಗಳು ಆ ಕಾವಿಗೆ ಹಾರಿಹೋಗುವುದರಿಂದ ಲೆಕ್ಕ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಗ್ಲೈಕಾಲ್ ಇದ್ದರಂತೂ ಈ ಲೆಕ್ಕವನ್ನು ನಂಬಲಾಗದು. ಆ ಮಾದರಿಯನ್ನು ಆಮೇಲೆ ಎಸೆಯಬೇಕು, ಸೇದಬಾರದು.

ತಕ್ಕಡಿ ಇಲ್ಲದಿದ್ದರೆ ಕೈಯೇ ಅಳತೆ. ಚಿಟಿಕೆ ತಂಬಾಕನ್ನು ಗಟ್ಟಿಯಾಗಿ ಒತ್ತಿ ಬಿಡಿ. ಉಂಡೆಯಾಗಿ ನಿಂತರೆ ಹಸಿ. ಮೆಲ್ಲಗೆ ಬಿಡಿಸಿಕೊಂಡು ಅರಳಿದರೆ ಹದ. ಚರಚರ ಸದ್ದು ಮಾಡಿ ಪುಡಿಯಾದರೆ ಮಿತಿಮೀರಿ ಒಣಗಿದೆ. ಅಂಥದ್ದು ಬಿಸಿಯಾಗಿ, ಬೇಗ, ರುಚಿಯಿಲ್ಲದೆ ಉರಿಯುತ್ತದೆ. ಒಣಗಿಸುವಾಗ ಒಂದು ಬಟ್ಟಲಿಗೆ ಬೇಕಾದಷ್ಟನ್ನೇ ಬಿಳಿ ಕಾಗದದ ಮೇಲೆ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ಬಿಡಿ. ತೆಳ್ಳಗೆ ಕತ್ತರಿಸಿದ ರಿಬ್ಬನ್ ಎಳೆಗೆ 20 ನಿಮಿಷದಿಂದ ಒಂದು ಗಂಟೆ. ಒತ್ತಿ ಹೋಳು ಮಾಡಿದ ಫ್ಲೇಕ್ ಆದರೆ ಮೊದಲು ಬೆರಳಲ್ಲಿ ಬಿಡಿಸಿ ಆಮೇಲೆ ಒಣಗಿಸಿ. ಹೋಳಾಗಿಯೇ ಬಿಟ್ಟರೆ ಹೊರಗೆ ಗರಿಗರಿ, ಒಳಗೆ ಹಸಿ ಆಗುತ್ತದೆ. ಬಿಸಿಲು, ಹೇರ್ ಡ್ರೈಯರ್, ಮೈಕ್ರೋವೇವ್ ಬೇಡ. ನೀರಿನ ಜೊತೆಗೆ ವಾಸನೆಯೂ ಹೊರಟುಹೋಗುತ್ತದೆ. ಓರಿಯೆಂಟಲ್ ಎಲೆಯ ಪರಿಮಳಕ್ಕಂತೂ ಇದರಿಂದ ಹೆಚ್ಚು ಪೆಟ್ಟು.

ಪೈಪಿನ ವಿಷಯ. ಎಂಟು ತಿಂಗಳು ವೆನಿಲ್ಲಾ, ಚೆರ್ರಿ ಕುಡಿದ ಬ್ರಯರ್ ಮರದ ಪೈಪ್ ರುಚಿಪರೀಕ್ಷೆಗೆ ಆಗದು. ಒಳಗೋಡೆಗೆ ಕಟ್ಟಿದ ಕರಿಯಲ್ಲಿ ಹಳೆಯ ಪರಿಮಳ ಕೂತಿದ್ದು, ಬಿಸಿಯಾದಾಗಲೆಲ್ಲ ಹೊಸ ತಂಬಾಕಿನ ರುಚಿಗೆ ಬೆರೆಯುತ್ತದೆ. ಪೈಪ್ ಪ್ರಿಯರು ಇದನ್ನು ‘ಗೋಸ್ಟ್’ ಅನ್ನುತ್ತಾರೆ. ಬಿಟ್ಟೆನೆಂದರೂ ಬಿಡದ ದೆವ್ವವೇ ಸರಿ. ಕರಿಯನ್ನು ಕೆರೆದು, ಬಟ್ಟಲಿಗೆ ಹತ್ತಿ ತುಂಬಿ, ಕುಡಿಯಲು ಬಳಸುವ ಶುದ್ಧ ಆಲ್ಕೊಹಾಲ್ ಹನಿಸಿ ಒಂದು ರಾತ್ರಿ ಬಿಟ್ಟರೆ ಬಹುಪಾಲು ಹೋಗುತ್ತದೆ. ಎರಡು ದಿನ ಒಣಗಿಸಿ ಬಳಸಿ. ಅದಕ್ಕಿಂತ ಸುಲಭದ ದಾರಿ ಹೊಸದೊಂದು ಮೆಕ್ಕೆಜೋಳದ ತೆನೆಯ ದಿಂಡಿನ ಪೈಪ್. ಅಗ್ಗ, ತೇವ ಹೀರುತ್ತದೆ, ತಣ್ಣಗೆ ಉರಿಯುತ್ತದೆ. ಮೊದಲ ಮೂರು ನಾಲ್ಕು ಬಟ್ಟಲು ಅದರದೇ ಸಿಹಿ ವಾಸನೆ ಬರುವುದರಿಂದ ಆ ಬಟ್ಟಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೀರ್ಶಾಮ್ ಕಲ್ಲಿನ ಪೈಪ್ ಮೊದಲ ದಿನದಿಂದಲೇ ತನ್ನ ರುಚಿ ಸೇರಿಸುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಮಣ್ಣಿನ ಪೈಪ್ ಎಲ್ಲಕ್ಕಿಂತ ಪ್ರಾಮಾಣಿಕ, ಆದರೆ ಕೈ ಸುಡುವಷ್ಟು ಬಿಸಿಯಾಗುವುದರಿಂದ ವೇಗ ಇನ್ನೂ ಕೈವಶವಾಗದವರಿಗೆ ಬೇಡ. ಬಟ್ಟಲಿನ ಒಳವ್ಯಾಸ 18ರಿಂದ 20 ಮಿಲಿಮೀಟರ್, ಆಳ 35ರಿಂದ 40 ಇದ್ದರೆ ಸಾಕು. ಯಾವುದೇ ಆದರೂ ಒಂದು ಮಿಶ್ರಣದ ಎಲ್ಲ ಬಟ್ಟಲುಗಳನ್ನೂ ಒಂದೇ ಪೈಪಿನಲ್ಲಿ ಸೇದಿ, ಎರಡು ಬಟ್ಟಲುಗಳ ನಡುವೆ ಪೈಪಿಗೆ ಒಂದು ದಿನ ವಿಶ್ರಾಂತಿ ಕೊಡಿ.

ತುಂಬುವುದನ್ನು ನೀವು ಬಲ್ಲಿರಿ, ಆದ್ದರಿಂದ ಪರೀಕ್ಷೆಗೆ ಬೇಕಾದಷ್ಟನ್ನೇ ಹೇಳುತ್ತೇವೆ. 2 ಗ್ರಾಂ ತೂಗಿ, ಮೂರು ಕಂತಿನಲ್ಲಿ ಉದುರಿಸಿ. ಮೊದಲನೆಯದನ್ನು ಮುಟ್ಟಿದಷ್ಟೇ, ಎರಡನೆಯದನ್ನು ಹಗುರವಾಗಿ, ಮೂರನೆಯದನ್ನು ತುಸು ಬಿಗಿಯಾಗಿ ಒತ್ತಿ. ಬೆಂಕಿ ಹಚ್ಚುವ ಮೊದಲು ಒಮ್ಮೆ ಎಳೆದು ನೋಡಿ: ಸ್ಟ್ರಾದಲ್ಲಿ ಹಣ್ಣಿನ ರಸ ಹೀರಿದಷ್ಟು ತಡೆ ಇರಬೇಕು. ಅದಕ್ಕಿಂತ ಬಿಗಿಯಿದ್ದರೆ ಹೊರಗೆ ಸುರಿದು ಮತ್ತೆ ತುಂಬಿ. ಕಡ್ಡಿ ಚುಚ್ಚಿ ಸರಿಪಡಿಸಲು ಹೋದರೆ ಒಂದೇ ಕಡೆ ಸುರಂಗವಾಗಿ ಉರಿಯುತ್ತದೆ. ಎಳೆದಾಗ ಬೆಂಕಿಯಿಲ್ಲದೆಯೇ ಬಾಯಿಗೆ ಬರುವ ರುಚಿಯನ್ನು ಗಮನಿಸಿ ಬರೆದಿಡಿ. ಹೊಗೆಯ ಅಡ್ಡಿಯಿಲ್ಲದೆ ಎಲೆ ಹೇಳುವ ಮೊದಲ ಮಾತು ಅದು, ಹೆಚ್ಚಿನವರು ಕಿವಿಗೊಡದೆ ದಾಟಿಬಿಡುತ್ತಾರೆ.

ಬೆಂಕಿಕಡ್ಡಿಯ ತಲೆ ಪೂರ್ತಿ ಉರಿದು ಹೋಗುವವರೆಗೆ ಒಂದೆರಡು ಸೆಕೆಂಡ್ ಕಾಯಿರಿ. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಮೊದಲ ಹತ್ತು ನಿಮಿಷವನ್ನು ನುಂಗುತ್ತದೆ. ಮೇಲ್ಮೈಗೆಲ್ಲ ಉರಿ ಸುತ್ತಿಸಿ ಒಮ್ಮೆ ಹಚ್ಚಿದರೆ ಎಲೆಗಳು ಉಬ್ಬಿ ಮೇಲೇಳುತ್ತವೆ. ಆರಲು ಬಿಟ್ಟು, ಹಗುರವಾಗಿ ಸಮ ಮಾಡಿ, ಎರಡನೆಯ ಸಲ ಹಚ್ಚಿ. ರುಚಿಯ ಲೆಕ್ಕ ಶುರುವಾಗುವುದು ಇಲ್ಲಿಂದ. ನಡುವೆ ಮೂರು ನಾಲ್ಕು ಸಲ ಆರಿದರೆ ನಾಚಿಕೆಪಡಬೇಕಾಗಿಲ್ಲ. ಆರುವುದೇ ಇಲ್ಲ ಎಂದರೆ ನೀವು ಬೇಗ ಸೇದುತ್ತಿದ್ದೀರಿ.

ವೇಗಕ್ಕೆ ಎರಡು ಅಳತೆಗಳಿವೆ. ಬಟ್ಟಲನ್ನು ಕೆನ್ನೆಗೆ ತಾಗಿಸಿ ಹಿಡಿದುಕೊಂಡಿರಲು ಆಗಬೇಕು. ಆಗದಿದ್ದರೆ ಎರಡು ನಿಮಿಷ ಕೆಳಗಿಡಿ. 2 ಗ್ರಾಂ ತಂಬಾಕು 40 ನಿಮಿಷವಾದರೂ ಬಾಳಬೇಕು. 20 ನಿಮಿಷದಲ್ಲಿ ಮುಗಿದರೆ ಆ ಬಟ್ಟಲಿನ ಟಿಪ್ಪಣಿಯನ್ನು ಹರಿದುಹಾಕಿ. ದಮ್ಮು ಎಳೆಯುವ ಅಭ್ಯಾಸವನ್ನೇ ಬಿಟ್ಟು, ಬಿಸಿ ಚಹಾ ಗುಟುಕರಿಸಿದಂತೆ ಚಿಕ್ಕ ಚಿಕ್ಕ ಗುಟುಕು ತೆಗೆದುಕೊಳ್ಳಿ. ಹೊಗೆ ಬಾಯಲ್ಲಷ್ಟೇ ಇರಲಿ, ಎದೆಗೆ ಹೋಗುವುದು ಬೇಡ. ಹೊಗೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ತೆಳುವಾದಾಗಲೇ ವರ್ಜೀನಿಯಾದ ಸಿಹಿ ಬಾಯಿಗೆ ಬರುವುದು. ದಟ್ಟ ಹೊಗೆಗೆ ಒಗ್ಗಿದವರಿಗೆ ಇದನ್ನು ನಂಬುವುದು ಕಷ್ಟ.

ನಾಲಿಗೆ ಉರಿಯಲ್ಲೂ ಎರಡು ಬಗೆ. ಹೊಗೆ ನೇರ ಬಡಿಯುವ ಜಾಗದಲ್ಲಿ, ಸಾಮಾನ್ಯವಾಗಿ ನಾಲಿಗೆಯ ತುದಿಯಲ್ಲಿ, ಬಿಸಿ ಪಾನೀಯ ಸುಟ್ಟಂತೆ ಆದರೆ ಅದು ಬಿಸಿ ಮತ್ತು ಹಬೆಯ ಕೆಲಸ. ತಪ್ಪು ಹದದ್ದು, ವೇಗದ್ದು. ನಿಧಾನವಾಗಿ ಸೇದಿದರೂ, ತಂಬಾಕು ಒಣಗಿದ್ದರೂ, ಕೆನ್ನೆಯ ಒಳಭಾಗ ಅಂಗುಳ ಎಲ್ಲ ಒಗರೊಗರಾಗಿ ಚುರುಗುಟ್ಟಿದರೆ ಅದು ಎಲೆಯ ಗುಣ. ಮಾಗದ ಎಳೆಯ ಎಲೆ, ಹೊಗೆಯ ಕ್ಷಾರಗುಣ ಇಂಥವು ಕಾರಣ. ಮೊದಲನೆಯದಕ್ಕೆ ಮಿಶ್ರಣವನ್ನು ದೂರಬೇಡಿ, ಎರಡನೆಯದಕ್ಕೆ ಧಾರಾಳವಾಗಿ ದೂರಿ. ಈಗ ನಾಲಿಗೆ ಸುಟ್ಟಿದ್ದರೆ ಅದು ಮಾಯುವವರೆಗೆ, ಎರಡು ಮೂರು ದಿನ, ಏನನ್ನೂ ಪರೀಕ್ಷಿಸಬೇಡಿ.

ಇನ್ನು ರುಚಿ ಎಲ್ಲಿ ಹುಡುಕಬೇಕು ಎಂಬುದು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನಂಥ ರುಚಿ) ಇಷ್ಟೇ. ಒಣಹುಲ್ಲು, ಅಂಜೂರ, ಚರ್ಮ ಎಲ್ಲವೂ ಮೂಗಿನ ಕೆಲಸ. ಹೊಗೆಯನ್ನು ಬಾಯಿಂದ ಹೊರಬಿಟ್ಟು, ಉಳಿದ ಕೊನೆಯ ಎಳೆಯನ್ನು ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಹೊರಡಿಸಿ. ಇದನ್ನು ರೆಟ್ರೋಹೇಲ್ ಎನ್ನುತ್ತಾರೆ. ಒಳಗೆಳೆಯುವುದು ಇದರಲ್ಲಿ ಇಲ್ಲವೇ ಇಲ್ಲ, ಹೊರಬಿಡುವುದು ಮಾತ್ರ. ಬಾಯಿತುಂಬ ಹೊಗೆಯನ್ನು ಹೀಗೆ ಬಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಹತ್ತರಲ್ಲೊಂದು ಪಾಲು ಸಾಕು, ಬಟ್ಟಲಿಗೆ ನಾಲ್ಕೈದು ಸಲ ಸಾಕು. ಪೆರಿಕ್ ಇದೆಯೋ ಇಲ್ಲವೋ ಎಂದು ತಿಳಿಯುವುದು ಇಲ್ಲೇ: ಕರಿಮೆಣಸಿನ ಪುಡಿ ಮೂಗಿಗೆ ಬಡಿದಂಥ ಚುರುಕು.

ನಿಮ್ಮ ಡಬ್ಬಿಯ ನಾಲ್ಕು ಎಲೆಗಳನ್ನು ಒಂದೊಂದಾಗಿ ಗುರುತಿಸಲು ಕಲಿಯದೆ ಮಿಶ್ರಣವನ್ನು ಅಳೆಯಲಾಗದು.

ವರ್ಜೀನಿಯಾ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸುಮಾರು ವಾರದ ಕಾಲ ಬಿಸಿಗಾಳಿಯಲ್ಲಿ ಬೇಯಿಸಿದ ಎಲೆ. ಮೊದಲು 35ರಿಂದ 40 ಡಿಗ್ರಿಯಲ್ಲಿ ಹಳದಿಗೆ ತಿರುಗಿಸಿ, ಕೊನೆಗೆ ನಡುನರ ಒಣಗಲು 70 ಡಿಗ್ರಿ ದಾಟಿಸುತ್ತಾರೆ. ಹಳದಿಯಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲಿನ ಕಾವು ಎಲೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಸಕ್ಕರೆಯಂಶ ತೂಕದ ಶೇ 15ರಿಂದ 25ರವರೆಗೂ ಇರಬಹುದು. ತಿಳಿ ಹಳದಿ ಎಲೆಯಲ್ಲಿ ಹುಲ್ಲು, ನಿಂಬೆ ಸಿಪ್ಪೆಯ ವಾಸನೆ. ಕೆಂಪು ಎಲೆಯಲ್ಲಿ ಬ್ರೆಡ್ಡಿನ ಹೊರಪದರದ ಸುವಾಸನೆ. ಆಮೇಲೆ ಮತ್ತೆ ಕಾವು ಕೊಟ್ಟು ಕಪ್ಪಾಗಿಸಿದ್ದರಲ್ಲಿ ಬೇಯಿಸಿದ ಒಣಹಣ್ಣಿನ ವಾಸನೆ. ಸಿಹಿ ಬಂದರೆ ಅದು ಎಲ್ಲಿಂದ ಬಂತೆಂದು ನೋಡಿ: ಎಲೆಯ ಸಿಹಿ ಬಟ್ಟಲು ಅರ್ಧವಾದ ಮೇಲೂ ಬೆಳೆಯುತ್ತದೆ, ಮೇಲೆ ಸಿಂಪಡಿಸಿದ ಸಿಹಿ ಮೊದಲ ಕಾಲುಭಾಗದಲ್ಲೇ ಮುಗಿದುಹೋಗುತ್ತದೆ. ‘ನ್ಯಾಚುರಲ್’ ಎಂಬ ಮಾತನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಗುರುತು ಇಲ್ಲ.

ಓರಿಯೆಂಟಲ್ ಎಂಬುದು ಒಂದೇ ಎಲೆಯಲ್ಲ. ಇಜ್ಮಿರ್, ಸಾಮ್ಸುನ್, ಬಾಸ್ಮಾ, ಕಟೆರಿನಿ ಮುಂತಾದ ಟರ್ಕಿ, ಗ್ರೀಸ್ ಸುತ್ತಿನ ಚಿಕ್ಕ ಎಲೆಯ ತಳಿಗಳ ಒಟ್ಟು ಹೆಸರು. ಬಿಸಿಲಲ್ಲಿ ಒಣಗಿಸಿದ್ದು. ಧೂಪದ ಛಾಯೆ, ಒಣ ಮರ, ಹುಳಿ ಬಂದ ಹಾಲಿನಂಥ ತೆಳು ಹುಳಿ. ಇದು ಮುಂದೆ ಬಂದು ಮಾತಾಡುವ ಎಲೆಯಲ್ಲ. ಇಲ್ಲದಿದ್ದಾಗ ಮಿಶ್ರಣ ಚಪ್ಪಟೆ ಎನಿಸುತ್ತದೆ, ಇದ್ದಾಗ ಏಕೆ ಚೆನ್ನಾಗಿದೆಯೆಂದು ಹೇಳಲು ಬರುವುದಿಲ್ಲ. ಹೊಸಬರು ಕೊನೆಗೆ ಗುರುತಿಸಲು ಕಲಿಯುವುದು ಇದನ್ನೇ.

ಲಟಾಕಿಯಾಗೆ ಹೆಸರು ಬಂದದ್ದು ಸಿರಿಯಾದ ಬಂದರಿನಿಂದ, ಇಂದು ಸಿಗುವುದು ಬಹುತೇಕ ಸೈಪ್ರಸ್ ಬಗೆಯದು. ಒಣಗಿದ ಎಲೆಯನ್ನು ಪರಿಮಳದ ಗಿಡಮರಗಳ ಹೊಗೆಯಲ್ಲಿ ದೀರ್ಘಕಾಲ ಕಟ್ಟಿ ಕಪ್ಪಾಗಿಸುತ್ತಾರೆ. ಹೊಗೆ, ಚರ್ಮ, ತುಸು ಉಪ್ಪು. ವಾಸನೆ ಜೋರಾಗಿರುವುದರಿಂದ ಇದರಲ್ಲಿ ನಿಕೋಟಿನ್ ಹೆಚ್ಚು ಎಂದು ಬಹಳ ಜನ ತಿಳಿದಿದ್ದಾರೆ. ನಿಕೋಟಿನ್ ಇದರಲ್ಲಿ ಸಾಧಾರಣ ಮಟ್ಟದ್ದು. ಪೆರಿಕ್ ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಎಲೆ. ಪೀಪಾಯಿಗಳಲ್ಲಿ ತುಂಬಿ ಸ್ಕ್ರೂ ಜ್ಯಾಕಿನ ಒತ್ತಡದಲ್ಲಿಟ್ಟು, ನಡುನಡುವೆ ಹೊರತೆಗೆದು ಗಾಳಿಯಾಡಿಸಿ ಮತ್ತೆ ಒತ್ತಿ, ತನ್ನದೇ ರಸದಲ್ಲಿ ವರ್ಷದಷ್ಟು ಕಾಲ ಹುದುಗಿಸಿದ್ದು. ಅಂಜೂರ, ಒಣ ಪ್ಲಮ್, ಮೆಣಸು. ನೀವು ಹುಡುಕುತ್ತಿರುವ ಅಂಜೂರ ಬರಬೇಕಾದದ್ದು ಇಲ್ಲಿಂದ, ಮತ್ತು ಮಿಶ್ರಣಗಳಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ 5ರಿಂದ 15 ಅಷ್ಟೇ. ಜೋರು ಉರಿಯಲ್ಲಿ ಮೊದಲು ಮಾಯವಾಗುವುದೂ ಅದೇ.

ಇವನ್ನು ಕಲಿಯಲು ನಾಲ್ಕನ್ನೂ ಬಿಡಿಬಿಡಿಯಾಗಿ 10 ಗ್ರಾಂನಂತೆ ತಂದು ಚಿಕ್ಕ ಜಾಡಿಗಳಲ್ಲಿಡಿ. ಕಣ್ಣು ಮುಚ್ಚಿ, ಜಾಡಿಗಳನ್ನು ಇನ್ನೊಬ್ಬರಿಂದ ಅದಲುಬದಲು ಮಾಡಿಸಿ ಮೂಸುತ್ತ ಹೋಗಿ. ನಾಲ್ಕು ಜಾಡಿ ತಪ್ಪದೆ ಹೇಳಲು ಬಂದ ಮೇಲೆ 1.8 ಗ್ರಾಂ ವರ್ಜೀನಿಯಾಕ್ಕೆ 0.2 ಗ್ರಾಂ ಪೆರಿಕ್ ಬೆರೆಸಿ ಒಂದು ದಿನ ಮುಚ್ಚಿಟ್ಟು ಮೂಸಿ. ಇನ್ನೊಂದು ದಿನ ಪೆರಿಕ್ ಬದಲು ಲಟಾಕಿಯಾ. ಹತ್ತನೆಯ ಒಂದು ಪಾಲು ಇಡೀ ವಾಸನೆಯನ್ನು ಹೇಗೆ ತಿರುಗಿಸುತ್ತದೆ ಎಂಬುದು ಆಗ ಮನದಟ್ಟಾಗುತ್ತದೆ. ಪೆರಿಕನ್ನು ಬರಿದಾಗಿ ಸೇದಲು ಹೋಗಬೇಡಿ. ಅದರ ಘಾಟಿಗೆ ಆ ದಿನದ ರುಚಿಯೇ ಹೋಗುತ್ತದೆ.

ಈಗ ನಿಮ್ಮ ಡಬ್ಬಿಗೆ ಬನ್ನಿ. ಊಟವಾಗಿ ಒಂದು ಗಂಟೆ ಕಳೆದ ಮೇಲೆ, ನೀರಷ್ಟೇ ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಒಂದೇ ಬಟ್ಟಲು. ಕಾಫಿ ಬೇಡ, ಅದು ಕಹಿಯ ಅಳತೆಯನ್ನೇ ಕೆಡಿಸುತ್ತದೆ. ಬಟ್ಟಲನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ಒಂದೊಂದಕ್ಕೂ ಎರಡೆರಡು ಸಾಲು ಬರೆಯಿರಿ. ಮೊದಲ ಪಾಲಿನಲ್ಲಿ ಲಟಾಕಿಯಾ, ಓರಿಯೆಂಟಲ್ ಮುಂದಿರುತ್ತವೆ. ನಡುಪಾಲಿನಲ್ಲಿ ವರ್ಜೀನಿಯಾ ಏಳಬೇಕು. ತೀರ್ಪಿನ ಮುಖ್ಯ ಭಾಗ ಇದೇ. ಕೊನೆಯ ಪಾಲಿನಲ್ಲಿ ಎಲ್ಲ ಒಂದಾಗಿ ಗಾಢವಾಗುತ್ತವೆ, ಘಾಟು ಹೆಚ್ಚುತ್ತದೆ. ಹದ ಮಾಡಿದ ತಂಬಾಕಿನಲ್ಲೂ ಗುಳುಗುಳು ಕೇಳಿದರೆ ಪೈಪ್ ಕ್ಲೀನರ್ ಒಂದನ್ನು ತೂರಿಸಿ ತೆಗೆಯಿರಿ, ಏಕೆಂದರೆ ಎಲೆ ಉರಿಯುವಾಗ ಹೊಸದಾಗಿಯೂ ನೀರು ಹುಟ್ಟುತ್ತದೆ. ತಳದ ಅರ್ಧ ಸೆಂಟಿಮೀಟರ್ ಸೇದದೆ ಕೊಡವಿಬಿಡಿ. ಅಲ್ಲಿ ಕಹಿ ಬಂದರೆ ಯಾವ ಮಿಶ್ರಣಕ್ಕೂ ಅಂಕ ಕಳೆಯಬಾರದು. ಬೂದಿ ಬಿಳಿಯೋ ಬೂದು ಬಣ್ಣವೋ ಎಂಬುದಕ್ಕೆ ತುಂಬ ಬೆಲೆ ಕೊಡುವವರಿದ್ದಾರೆ. ಉರಿ ಎಷ್ಟು ಪೂರ್ತಿಯಾಗಿ ನಡೆಯಿತೆಂಬುದರ ಸೂಚನೆಯಷ್ಟೇ ಅದು, ರುಚಿಯದ್ದಲ್ಲ.

ಬರೆಯುವಾಗ ಮೂರು ಮಾತುಗಳನ್ನು ಬೆರೆಸಬೇಡಿ. ಶಕ್ತಿ ಎಂದರೆ ನಿಕೋಟಿನ್. ಮೈ ಎಂದರೆ ಹೊಗೆ ಬಾಯಲ್ಲಿ ಎಷ್ಟು ದಪ್ಪಗೆ, ಕೆನೆಯಂತೆ ಕೂರುತ್ತದೆ ಎಂಬುದು. ರುಚಿ ಮೂರನೆಯದು. ಲಟಾಕಿಯಾ ಹೆಚ್ಚಿರುವ ಮಿಶ್ರಣಕ್ಕೆ ಮೈ ತುಂಬ, ಶಕ್ತಿ ಕಡಿಮೆ ಇರಬಹುದು. ಇದಕ್ಕೆ ತದ್ವಿರುದ್ಧದ್ದೂ ಉಂಟು. ಬಿಕ್ಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳಸುವುದು ಶುರುವಾದರೆ ಅದು ಶಕ್ತಿ ಮೀರಿದ ಗುರುತು. ಪೈಪ್ ಕೆಳಗಿಟ್ಟು ಗಾಳಿಗೆ ಹೋಗಿ. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿಯ ಒಳಪದರದ ಮೂಲಕವೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಆ ದಿನದ ಟಿಪ್ಪಣಿಗೆ ಅರ್ಥವಿಲ್ಲ.

ಒಳ್ಳೆಯ ಮಿಶ್ರಣವೆಂದು ಕರೆಯಲು ನಾವು ನೋಡುವುದು ಇವು: ನಡುಪಾಲಿನಲ್ಲಿ ರುಚಿ ಬೆಳೆಯಿತೇ ಅಥವಾ ಮೊದಲ ಐದು ನಿಮಿಷದ್ದೇ ಕೊನೆಯವರೆಗೂ ಎಳೆದಾಡಿತೇ? ಒಂದು ಎಲೆ ಉಳಿದವುಗಳನ್ನು ತುಳಿಯಿತೇ? ಪೈಪ್ ಕೆಳಗಿಟ್ಟು ಐದು ನಿಮಿಷದ ಮೇಲೆ ಬಾಯಲ್ಲಿ ಉಳಿದದ್ದು ಸಿಹಿಯೋ ಬೂದಿಯೋ? ಮತ್ತೆ ಹಚ್ಚಿದಾಗ ಹಳೆಯ ರುಚಿ ಮರಳಿತೇ, ಕಮಟು ಬಂತೇ? ಕೊನೆಯದಕ್ಕೆ ಹೆಚ್ಚು ತೂಕ ಕೊಡುತ್ತೇವೆ, ಏಕೆಂದರೆ ಕಳಪೆ ಎಲೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಲ್ಲೇ. ನಿಮಗೆ ಇಷ್ಟವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಹೊಗೆಯ ವಾಸನೆಯೇ ಹಿಡಿಸದವರು ಲಟಾಕಿಯಾಗೆ ಕಡಿಮೆ ಅಂಕ ಕೊಟ್ಟರೆ ಅದು ಮಿಶ್ರಣದ ವಿಮರ್ಶೆಯಾಗುವುದಿಲ್ಲ. ಅದನ್ನು ಟಿಪ್ಪಣಿಯ ಕೆಳಗೆ ಪ್ರತ್ಯೇಕ ಸಾಲಾಗಿ ಬರೆಯಿರಿ.

ಬೇರೆಯವರ ವರ್ಣನೆ ಓದಿ ಸೇದಲು ಕೂತರೆ ಅಂಜೂರ ಸಿಕ್ಕೇ ಸಿಗುತ್ತದೆ, ಇರಲಿ ಬಿಡಲಿ. ಆದ್ದರಿಂದ ಬರೆದ ಮೇಲೆ ಓದಿ. ನಿಮ್ಮ ಮೂಗು ನಿಜವಾಗಿ ವ್ಯತ್ಯಾಸ ಹಿಡಿಯುತ್ತಿದೆಯೇ ಎಂಬ ಅನುಮಾನವಿದ್ದರೆ ಮೂರು ಜಾಡಿಯ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ತಂಬಾಕು, ಮೂರನೆಯದರಲ್ಲಿ ಬೇರೆ, ಇನ್ನೊಬ್ಬರು ಜೋಡಿಸಿ ಕೊಡಲಿ, ನೀವು ಮೂಸಿ ಬೇರೆಯದನ್ನು ತೋರಿಸಬೇಕು. ಕುರುಡು ಊಹೆಗೂ ಮೂರರಲ್ಲೊಂದು ಸಲ ಸರಿಯುತ್ತರ ಬರುತ್ತದೆ. ಆರು ಸಲದಲ್ಲಿ ಐದು ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ 2ಕ್ಕಿಂತ ಕಡಿಮೆ. ನಾಲ್ಕೇ ಸರಿಯಾದರೆ ಶೇ 10, ಅಂದರೆ ನೆಚ್ಚಿಕೊಳ್ಳುವಂತಿಲ್ಲ. ಇದನ್ನು ಹೊಗೆಯಲ್ಲಿ ಮಾಡಹೊರಟರೆ ಹದಿನೆಂಟು ಬಟ್ಟಲು ಬೇಕು. ಮೂಗಿಗೆ ಅರ್ಧ ಗಂಟೆ ಸಾಕು.

ಮಿಶ್ರಣದ ಬಗ್ಗೆ ತೀರ್ಪನ್ನು ನಾಲ್ಕನೆಯ ಬಟ್ಟಲಿನವರೆಗೂ ಬರೆಯಬೇಡಿ. ಮೊದಲನೆಯದು ಹದ ಹುಡುಕುವುದಕ್ಕೇ ಹೋಗುತ್ತದೆ. ಎರಡನೆಯದನ್ನು ಇನ್ನೂ ಸ್ವಲ್ಪ ಒಣಗಿಸಿ, ಮೂರನೆಯದನ್ನು ತುಸು ತೇವದಲ್ಲಿ ಸೇದಿ ಹೋಲಿಸಿ. ನಾಲ್ಕರಲ್ಲೂ ನಿಧಾನವಾಗಿ, ಒಣಗಿಸಿ, ಶುದ್ಧ ಪೈಪಿನಲ್ಲಿ ಸೇದಿಯೂ ಕೆನ್ನೆ ಚುರುಗುಟ್ಟುತ್ತಿದ್ದರೆ, ನಡುಪಾಲು ಸಪ್ಪೆಯಾಗಿಯೇ ಉಳಿದರೆ, ಎಲೆ ಎಳಸು ಅಥವಾ ಕಳಪೆ ಎಂದು ಧೈರ್ಯವಾಗಿ ಹೇಳಬಹುದು. ಎಳಸಾಗಿದ್ದರೆ ಉಳಿದ ಮೂವತ್ತು ನಲವತ್ತು ಗ್ರಾಂ ಎಸೆಯಬೇಡಿ. ಒಣಗಿಸದೆ, ಡಬ್ಬಿಯ ತೇವದಲ್ಲೇ, ರಬ್ಬರ್ ವಾಷರ್ ಇರುವ ಗಾಜಿನ ಜಾಡಿಗೆ ಗಾಳಿಗೆ ಜಾಗವಿರದಂತೆ ತುಂಬಿ, ಕತ್ತಲಲ್ಲಿಡಿ. ಮುಚ್ಚಳದ ಮೇಲೆ ತಾರೀಕು ಬರೆಯಿರಿ, ಪದೇಪದೇ ತೆರೆದು ಮೂಸಬೇಡಿ. ವರ್ಜೀನಿಯಾ ಒಂದೆರಡು ವರ್ಷದಲ್ಲೇ ಚೂಪು ಕಳೆದುಕೊಂಡು ಮೆತ್ತಗಾಗುತ್ತದೆ, ಐದು ವರ್ಷಕ್ಕೆ ಚೆನ್ನಾಗಿ ಮಾಗುತ್ತದೆ; ಲಟಾಕಿಯಾದ ಹೊಗೆವಾಸನೆ ಮಾತ್ರ ಅಷ್ಟರಲ್ಲಿ ಮಂಕಾಗತೊಡಗುತ್ತದೆ. ನಿಮ್ಮ ಮಿಶ್ರಣದಲ್ಲಿ ಎರಡೂ ಇರುವುದರಿಂದ ಎರಡನೆಯ ವರ್ಷದ ಕೊನೆಗೆ ಒಂದು ಬಟ್ಟಲು ತೆಗೆದು, ಇಂದಿನ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.